ಎಪ್ಪತ್ತೆಂಟು ಎಲೆಗಳಲ್ಲಿ ಭಾವಮೈದುನನ ಮದುವೆ

ಘಟ್ಟ ಹತ್ತಿ ನಮ್ಮ ಕಡೆ ಬಂದ ಯಾವ ವಸ್ತುವೂ ತಾನು ಬಂದ ಕೆಲಸಕ್ಕೇ ಉಳಿದದ್ದನ್ನು ನಾನು ಕಂಡಿಲ್ಲ. ಪಕ್ಕದ ಮನೆಯವರು ವಾಷಿಂಗ್ ಮಷೀನು ತಂದ ವಾರ ಅದರಲ್ಲಿ ಮೊದಲು ತೊಳೆದದ್ದು ಅರಿಶಿನ ಕೊಂಬು. ಗೆರೆ ಎಳೆಯುವ ನನ್ನ ಟಿ-ಸ್ಕ್ವೇರಿನಿಂದ ನನ್ನ ಹೆಂಡತಿ ಹದಿನೈದು ವರ್ಷ ನುಗ್ಗೆಕಾಯಿ ಕಿತ್ತಿದ್ದಾಳೆ. ಹಾಗಿರುವಾಗ ನನ್ನ ಕೈಗೆ ಬಂದ ಟ್ಯಾರೋ ಕಾರ್ಡಿನ ಎಲೆಗಳು ಮಾತ್ರ ಸುಮ್ಮನೆ ಭವಿಷ್ಯ ಹೇಳಿಕೊಂಡು ಇರುತ್ತವೆ ಎಂದು ನಂಬಿದ್ದು ನನ್ನ ತಪ್ಪು. ಡ್ರಾಯಿಂಗ್ ಮಾಸ್ತರನಾಗಿ ಸಿದ್ದಾಪುರ, ಯಲ್ಲಾಪುರ, ಶಿರಸಿ ಮೂರೂ ತಾಲೂಕಿನ ನೀರು ಕುಡಿದವನು ನಾನು. ಹೋದಲ್ಲೆಲ್ಲ ಆ ಎಲೆಗಳೂ ನನ್ನ ಟ್ರಂಕಿನಲ್ಲಿ ಬಂದವು.

ಅಪ್ಪೆಹುಳಿಗೆ ದಕ್ಷಿಣೆ

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹೆಗ್ಗರಣೆ ಕಡೆಯ ಶಾಲೆಯಲ್ಲಿದ್ದೆ. ಒಂದು ಭಾನುವಾರ ಗೋಕರ್ಣದಿಂದ ಬಂದ ವಿದೇಶಿ ಹೆಂಗಸೊಬ್ಬಳು ಉಂಚಳ್ಳಿ ಜಲಪಾತ ನೋಡಿಕೊಂಡು, ಬಸ್ಸಿಗೆ ಇನ್ನೂ ಒಂದು ತಾಸಿದೆ ಎಂದು ನಮ್ಮ ಜಗಲಿಯಲ್ಲಿ ಬಂದು ಕುಳಿತಳು. ಊಟದ ಹೊತ್ತು. ಬಂದವರನ್ನು ಹಾಗೇ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಹೆಂಡತಿ ಬಾಳೆಲೆ ಹಾಕಿದಳು. ಉಳಿದದ್ದನ್ನೆಲ್ಲ ಆಕೆ ಹೆದರಿ ಹೆದರಿ ಮುಟ್ಟಿದಳು, ಅಪ್ಪೆಹುಳಿಯನ್ನು ಮಾತ್ರ ನಾಲ್ಕು ಲೋಟ ಕುಡಿದಳು. ಮಾವಿನಕಾಯಿಯ ಆ ತಿಳಿಸಾರನ್ನು ಒಂದು ಲೋಟ ಕುಡಿದರೆ ನಮ್ಮೂರಿನವರೇ ಗೋಡೆಗೆ ಒರಗುತ್ತಾರೆ. ಆಕೆ ಒರಗಿದವಳು ಸಂಜೆಯವರೆಗೆ ಏಳಲಿಲ್ಲ. ಎರಡು ಬಸ್ಸು ಬಂದು ಹೋದವು.

ಎದ್ದವಳು ಕೇಳಿದ ಮೊದಲ ಪ್ರಶ್ನೆ, "ಇದರಲ್ಲಿ ಏನು ಹಾಕಿದ್ದಿರಿ?" ಮಾವಿನಕಾಯಿ, ಉಪ್ಪು, ಒಗ್ಗರಣೆ ಎಂದು ನಾನು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಗೋಕರ್ಣದಲ್ಲಿ ಆರು ತಿಂಗಳು ಏನೇನೋ ಸೇವಿಸಿದ್ದೇನೆ, ಇಂಥದು ಸಿಕ್ಕಿರಲಿಲ್ಲ ಎಂದಳು. ಹೋಗುವಾಗ ಕೃತಜ್ಞತೆಗೆ ಚೀಲದಿಂದ ಒಂದು ಕಟ್ಟು ಎಲೆ ಮತ್ತು ಅದರ ಅರ್ಥ ಹೇಳುವ ಸಣ್ಣ ಇಂಗ್ಲಿಷ್ ಪುಸ್ತಕವನ್ನು ಕೊಟ್ಟಳು.

ಡಿಕ್ಷನರಿ ಹಿಡಿದು ನಾನೇ ಕಲಿತೆ. ಒಟ್ಟು ಎಪ್ಪತ್ತೆಂಟು ಎಲೆ. ಇಪ್ಪತ್ತೆರಡು ದೊಡ್ಡವು, ಜೀವನದ ದೊಡ್ಡ ತಿರುವುಗಳಿಗೆ. ಉಳಿದ ಐವತ್ತಾರು ದಿನನಿತ್ಯದ ವ್ಯವಹಾರಕ್ಕೆ, ನಾಲ್ಕು ಜಾತಿ: ಕೋಲು ಎಂದರೆ ಹುರುಪು, ಬಟ್ಟಲು ಎಂದರೆ ಮನಸ್ಸು, ಕತ್ತಿ ಎಂದರೆ ಬುದ್ಧಿ, ನಾಣ್ಯ ಎಂದರೆ ಸ್ಥಿತಿಗತಿ. ಚಿತ್ರಗಳು ಎಷ್ಟು ಚೆನ್ನಾಗಿದ್ದವೆಂದರೆ ಮಕ್ಕಳಿಗೆ ಬಣ್ಣದ ಪಾಠ ಹೇಳಲು ಶಾಲೆಗೇ ಒಯ್ದೆ. ಹೆಡ್‌ಮಾಸ್ತರರು ಬನವಾಸಿ ಕಡೆಯವರು. ನನ್ನ ಮೇಜಿನ ಮೇಲೆ ಎಲೆ ಕಂಡು ಬಾಗಿಲು ಮುಂದೆ ಮಾಡಿ ಬಂದರು.

"ಏನ್ರೀ ಮಾಸ್ತರ, ಸಾಲ್ಯಾಗ ಇಸ್ಪೀಟು?"

ಇಸ್ಪೀಟಲ್ಲ ಸರ್, ಇದು ಸಂಕೇತಶಾಸ್ತ್ರ ಎಂದು ಸೊನ್ನೆ ನಂಬರಿನ ಎಲೆ ತೋರಿಸಿದೆ. ಅದರ ಹೆಸರು ಮೂರ್ಖ. ಕೋಲಿಗೆ ಗಂಟು ಕಟ್ಟಿ ಹೆಗಲಿಗೇರಿಸಿದ ಯುವಕ ಆಕಾಶ ನೋಡುತ್ತ ಪ್ರಪಾತದ ಅಂಚಿಗೆ ಹೊರಟಿದ್ದಾನೆ. ಹಿಂದೆ ನಾಯಿ ಬೊಗಳುತ್ತಿದೆ. ಮುಗ್ಧತೆ ಮತ್ತು ಹೊಸ ಆರಂಭದ ಸಂಕೇತ ಎಂದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಇಂವ ನಮ್ಮ ಇಲಾಖಿಯವನ ರೀ. ಟ್ರಾನ್ಸ್‌ಫರ್ ಆರ್ಡರ್ ಬಂದೈತಿ. ಗಂಟು ಕಟ್ಯಾನ, ಎಲ್ಲಿಗ್ ಹಾಕ್ಯಾರ ಅಂತ ಇನ್ನೂ ನೋಡಿಲ್ಲ, ಅದಕ್ಕ ನಕ್ಕೋತ ಹೊಂಟಾನ."

ಕುದುರೆ ಮೇಲೆ ಬಂದವ

ನನ್ನ ಹೆಂಡತಿಗೆ ಒಬ್ಬ ತಮ್ಮ. ಮಂಚಿಕೇರಿಯಲ್ಲಿ ಡ್ರಿಲ್ ಮಾಸ್ತರ. ಕಟ್ಟುಮಸ್ತು ಆಳು, ಕೆಟ್ಟ ಅಭ್ಯಾಸ ಒಂದೂ ಇಲ್ಲ, ಸೀಟಿಯೊಂದನ್ನು ಬಿಟ್ಟರೆ ಬಾಯಲ್ಲಿ ಏನೂ ಇಡುವವನಲ್ಲ. ಆದರೂ ಮೂವತ್ತನಾಲ್ಕಾಗಿದ್ದರೂ ಹೆಣ್ಣು ಸಿಕ್ಕಿರಲಿಲ್ಲ. ಒಂದು ಕಡೆ ನೌಕರಿ ಸಣ್ಣದು, ಒಂದು ಕಡೆ ಊರು ದೂರ, ಉಳಿದ ಕಡೆ ಜಾತಕ. ತಂದೆತಾಯಿ ಇಲ್ಲದ ತಮ್ಮನನ್ನು ಸಾಕಿದವಳು ನನ್ನ ಹೆಂಡತಿಯೇ ಆದ್ದರಿಂದ ನಮ್ಮ ಮನೆಯಲ್ಲಿ ಬೆಳಗಾದರೆ ಅದೇ ಚಿಂತೆ. ಹೊಸ ದಾರಿ ಯಾವುದು ಕಂಡರೂ ಅವನು ಅದನ್ನು ಪರೀಕ್ಷಿಸಿ ನೋಡುತ್ತಿದ್ದ.

"ಭಾವ, ಯನ್ನ ಮದುವೆ ಯಾವಾಗ ಹೇಳಿ ಒಂದು ಎಲೆ ತೆಗಿತೆ," ಎಂದು ರಜೆಗೆ ಬಂದವನು ಕುಳಿತ. ಸೀಟಿ ಊದಿದ ಹಾಗೆ ಒಂದು ಉಸಿರು ಬಿಟ್ಟು ತೆಗೆದ. ಹದಿಮೂರನೇ ನಂಬರು. ಸಾವು.

ಕವಚ ತೊಟ್ಟ ಅಸ್ಥಿಪಂಜರ ಬಿಳಿ ಕುದುರೆ ಏರಿ, ಕಪ್ಪು ಬಾವುಟ ಹಿಡಿದು ಬರುತ್ತಿದೆ. ಹೆಂಡತಿ ದೇವರ ಮುಂದೆ ದೀಪ ಹಚ್ಚಲು ಓಡಿದಳು. ಇದು ನಿಜವಾದ ಸಾವಲ್ಲ ಮಾರಾಯ್ತಿ, ಹಳೆಯದು ಮುಗಿದು ಹೊಸದು ಹುಟ್ಟುತ್ತದೆ ಎಂಬ ಸಂಕೇತ, ಹಿಂದೆ ಸೂರ್ಯ ಮೂಡುತ್ತಿದ್ದಾನೆ ನೋಡು ಎಂದು ನಾನು ಪುಸ್ತಕ ಹಿಡಿದು ಹಿಂದೆ ಹೋದೆ. ಯಾರೂ ಕೇಳಲಿಲ್ಲ. ಗದ್ದಲಕ್ಕೆ ಪಕ್ಕದ ಮನೆ ಅಜ್ಜಿ ಬಂದರು. ಕಣ್ಣಿನ ಪೊರೆ ತೆಗೆಸಿ ಹದಿನೈದು ದಿನವಾಗಿತ್ತು, ಸಿಕ್ಕಿದ್ದನ್ನೆಲ್ಲ ನೋಡುವ ಹುಮ್ಮಸ್ಸು. ಎಲೆಯನ್ನು ಬೆಳಕಿಗೆ ಹಿಡಿದರು.

"ಯಮ ಹೇಳಿ ಯಾರು ಹೇಳಿದ್ದ? ಯಮಂಗೆ ಕೋಣ. ಕುದ್ರೆ ಮೇಲೆ ಬಪ್ಪವ ಯಮ ಹ್ಯಾಂಗೆ ಆಗ್ತ? ಸಮಾ ನೋಡಿ. ಬಾವುಟ ಹಿಡದ್ದ. ಇಲ್ಲಿ ಭಟ್ರು ಹಳದಿ ಮಡಿ ಉಟ್ಕಂಡು ಕೈ ಮುಗಿದು ನಿಂತಿದ್ದ. ಕೂಸು ತಲೆಗೆ ಹೂ ಮುಡ್ಕಂಡು ನಾಚ್ಕಂಡು ಮೋರೆ ತಿರುಗಿಸಿದ್ದು. ಮಕ್ಕ ಎದ್ರು ಬೈಂದ. ಇದು ದಿಬ್ಬಣ ಅಲ್ದನೇ ತಂಗಿ?"

ಕೂಸು ಎಂದರೆ ನಮ್ಮಲ್ಲಿ ಹುಡುಗಿ. ಎಲೆಯಲ್ಲಿ ಅಜ್ಜಿ ಹೇಳಿದವರೆಲ್ಲ ಇದ್ದದ್ದು ನಿಜ. ಕುದುರೆಯ ಕಾಲಡಿ ಸತ್ತು ಬಿದ್ದ ರಾಜನನ್ನು ತೋರಿಸಿ ಹಾಗಾದರೆ ಇವನು ಯಾರು ಎಂದು ಕೇಳಿದೆ.

"ಅಂವ ಕೂಸಿನ ಅಪ್ಪ. ಅಡ್ಡಬಿದ್ದು ನಮಸ್ಕಾರ ಮಾಡ್ತಾ ಇದ್ದ."

ಹೆಂಡತಿ ದೀಪ ಹಚ್ಚುವುದನ್ನು ಬಿಟ್ಟು ಬಂದಳು. ಭಾವಮೈದುನನ ಮುಖಕ್ಕೆ ಬಣ್ಣ ಬಂತು. ಅಜ್ಜಿ ಅಸ್ಥಿಪಂಜರವನ್ನು ಇನ್ನೊಮ್ಮೆ ಹತ್ತಿರದಿಂದ ನೋಡಿ ನಿಟ್ಟುಸಿರು ಬಿಟ್ಟರು.

"ಮದುಮಗ ಮಾತ್ರ ರಾಶಿ ಬಡಕಲು ಆಗೋಜ. ಪಾಪ, ಕೂಸು ಹುಡ್ಕಿ ಹುಡ್ಕಿ ಸೊರಗೋಜ."

ಹಗ್ಗ ಹಿಡಿಯುವವ

ಹೆಡ್‌ಮಾಸ್ತರರ ಬಾಯಿ ಮುಹೂರ್ತ. ಮುಂದಿನ ವರ್ಷ ನನಗೂ ಆರ್ಡರ್ ಬಂತು, ಮಂಚಿಕೇರಿಗೆ. ಭಾವಮೈದುನ ನಮ್ಮ ಮನೆಯಲ್ಲೇ ಊಟಕ್ಕೆ ನಿಂತ. ಹಾಗಾಗಿ ಎಲೆ ತೆಗೆಯುವುದು ವಾರಕ್ಕೊಮ್ಮೆಯ ಕಾರ್ಯಕ್ರಮವಾಯಿತು.

ಯಲ್ಲಾಪುರದಲ್ಲಿ ಒಂದು ಹುಡುಗಿಯಿದ್ದಾಳೆ, ಸ್ವಂತ ಹೊಲಿಗೆ ಕ್ಲಾಸು ನಡೆಸುತ್ತಾಳೆ ಎಂದು ಯಾರೋ ಹೇಳಿದ್ದರು. ಅದರ ಮೇಲೆ ಅವನು ಎಲೆ ತೆಗೆದಾಗ ಬಂದದ್ದು ಹನ್ನೆರಡನೇ ನಂಬರಿನ ನೇತಾಡುವ ಮನುಷ್ಯ. ಒಂದು ಕಾಲನ್ನು ಮರಕ್ಕೆ ಕಟ್ಟಿಸಿಕೊಂಡು ತಲೆಕೆಳಗಾಗಿ ನೇತಾಡುತ್ತಿದ್ದಾನೆ. ತಲೆಯ ಸುತ್ತ ಬೆಳಕಿನ ಬಳೆ. ತಾಳ್ಮೆಯಿಂದ ಕಾಯಬೇಕು, ಲೋಕವನ್ನು ಬೇರೆ ದಿಕ್ಕಿನಿಂದ ನೋಡಬೇಕು ಎಂದು ಪುಸ್ತಕ ಹೇಳುತ್ತದೆ. ನಾನು ಅದನ್ನೇ ಹೇಳಿದೆ. "ಹದಿನಾಲ್ಕು ವರ್ಷಾತು ಭಾವ, ಎಲ್ಲಾ ದಿಕ್ಕಿಂದ್ಲೂ ನೋಡಿ ಆತು," ಎಂದ.

ಆಗ ಜಗಲಿಯಲ್ಲಿ ಕೊನೆಗೌಡ ಕುಳಿತು ಚಾ ಕುಡಿಯುತ್ತಿದ್ದ. ಅಡಿಕೆ ಮರ ಹತ್ತಿ, ಒಂದು ಮರದಿಂದ ಇನ್ನೊಂದಕ್ಕೆ ಜೋಲಿ ಹೊಡೆದು ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುವ ಕಸುಬಿನವ. ಎಲೆಯನ್ನು ಕೈಗೆ ತೆಗೆದುಕೊಂಡು ಮೇಲೆ ಕೆಳಗೆ ತಿರುಗಿಸಿ ಪರೀಕ್ಷಿಸಿದ.

"ಕೆಲಸ ಗೊತ್ತಿದ್ದವನೇ ಸೈ ಮಾಸ್ತರೇ. ಮೋರೆ ಕಾಣಿ, ಚೂರೂ ಗಾಬರಿ ಇಲ್ಲ. ಕಾಲು ಸಿಕ್ಕಿಬಿದ್ದಿದೆ, ಅಷ್ಟೇ. ಆದ್ರೆ ಕೆಳಗೆ ಹಗ್ಗ ಹಿಡಿಯೋನು ಎಲ್ಲಿ?"

ಹಗ್ಗ ಹಿಡಿಯುವವ ಎಂದರೆ ಮೇಲಿನಿಂದ ಬಿಟ್ಟ ಕೊನೆ ನೆಲಕ್ಕೆ ಅಪ್ಪಳಿಸದಂತೆ ಹಗ್ಗದ ಮೇಲೆ ಜಾರಿಸಿಕೊಂಡು ಇಳಿಸುವವ. ಎಲೆಯಲ್ಲಿ ಅಂಥವರು ಯಾರೂ ಇರಲಿಲ್ಲ.

"ಮೇಲಿದ್ದೋನು ಎಷ್ಟು ಹುಷಾರಿದ್ರೂ ಕೆಳಗೊಬ್ಬ ಬೇಕು," ಎಂದು ಕೊನೆಗೌಡ ತೀರ್ಪು ಕೊಟ್ಟ. ಭಾವಮೈದುನ ನನ್ನನ್ನೇ ನೋಡತೊಡಗಿದ. ಒಳಗಿನಿಂದ ಹೆಂಡತಿಯೂ ಬಂದು ನನ್ನನ್ನೇ ನೋಡತೊಡಗಿದಳು. ಹೆಣ್ಣು ಕೇಳಲು ಹೋಗುವ ಕೆಲಸವನ್ನು ನಾನು ಮೂರು ವರ್ಷದಿಂದ ಬೇಸಿಗೆ ರಜೆ, ದಸರಾ ರಜೆ ಎಂದು ಮುಂದೂಡುತ್ತ ಬಂದಿದ್ದೆ.

ಕೊನೆಗೌಡ ಚಾ ಮುಗಿಸಿ ಎದ್ದ. "ಆ ಹಗ್ಗ ಹಿಡಿಯೋನು ಎಲ್ಲಿ ಹೋಗಿದ್ದಾನೆ ಅಂತ ನಂಗೆ ಗೊತ್ತು. ಕೆಳಗಿದ್ದೋರು ಯಾವಾಗ್ಲೂ ಇಲ್ಲೇ ಇರ್ತಾರೆ, ಜಗಲಿ ಮೇಲೆ ಪುಸ್ತಕ ಓದ್ತಾ."

ಬೇಡ ಅಂದರೆ ಬೇಡ

ಮರುವಾರವೇ ಯಲ್ಲಾಪುರಕ್ಕೆ ಹೊರಟೆವು. ಬಸ್ಸಿನಲ್ಲಿ ಹೆಂಡತಿ ತಮ್ಮನಿಗೆ ದಾರಿಯುದ್ದಕ್ಕೂ ಪಾಠ ಹೇಳಿದಳು. "ತಿಂಬಲೆ ಕೊಟ್ರೆ ಗಬಕ್ಕನೆ ತಗಳಡ. ಎರಡು ಸಲ ಬೇಡ ಹೇಳವು. ಮೂರನೇ ಸಲ ಒತ್ತಾಯ ಮಾಡಿದ್ಮೇಲೆ ತಗಳವು."

ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ. ಬೇಡ ಎನ್ನುವವನಿಗೂ ಬೇಕು, ಬಡಿಸುವವರಿಗೂ ಅದು ಗೊತ್ತು. ಹುಡುಗಿ ತಟ್ಟೆಯಲ್ಲಿ ತೊಡೆದೇವು ತಂದಳು. ಕಾಗದದಷ್ಟು ತೆಳ್ಳಗಿನ, ಬೆಲ್ಲ ಹಚ್ಚಿ ಮಡಚಿದ ಆ ತಿಂಡಿಗೆ ಭಾವಮೈದುನ ಪ್ರಾಣ ಬಿಡುತ್ತಾನೆ. ಅಕ್ಕನನ್ನು ಒಮ್ಮೆ ನೋಡಿ, "ಬೇಡ," ಎಂದ.

"ಹೌದಾ? ಅಡ್ಡಿಲ್ಲೆ," ಎಂದು ಹುಡುಗಿ ತಟ್ಟೆ ಒಳಗೆ ಒಯ್ದಳು. ಕಷಾಯ ತಂದಳು. "ಬೇಡ." ಅದೂ ಒಳಗೆ ಹೋಯಿತು. ಎರಡನೇ ಬೇಡಕ್ಕೆ ಅವಕಾಶವೇ ಸಿಗಲಿಲ್ಲ. ಮೂರು ತಾಸು ಕುಳಿತಿದ್ದು, ಉಳಿದವರು ತಿನ್ನುವುದನ್ನು ನೋಡಿ, ಒಂದು ಲೋಟ ನೀರು ಕುಡಿದು ಅವನು ವಾಪಸು ಬಂದ.

ಆ ಸಂಜೆ ಅವನು ತೆಗೆದ ಎಲೆ ಬಟ್ಟಲು ನಾಲ್ಕು. ಮರದ ಕೆಳಗೆ ಕೈಕಟ್ಟಿ ಕುಳಿತ ಹುಡುಗ. ಮೋಡದೊಳಗಿಂದ ಒಂದು ಕೈ ಬಟ್ಟಲು ಚಾಚುತ್ತಿದೆ, ಇವನು ಅತ್ತ ನೋಡುತ್ತಿಲ್ಲ. ಎದುರಿಗೆ ಬಂದ ಅವಕಾಶವನ್ನು ಕಾಣದ ಅತೃಪ್ತ ಮನಸ್ಸು ಎಂದು ಪುಸ್ತಕ. ಹೆಂಡತಿ ಎಲೆ ಕಿತ್ತುಕೊಂಡಳು. "ಅತೃಪ್ತನೂ ಅಲ್ಲ, ಎಂತದೂ ಅಲ್ಲ. ಯಾರೂ ಒತ್ತಾಯ ಮಾಡಿದ್ವಿಲ್ಲೆ ಪಾಪಕ್ಕೆ."

ಅವನಿಗೆ ಮಾತ್ರ ಸಿಟ್ಟು ಬಂದಿರಲಿಲ್ಲ. "ಅಕ್ಕಾ, ಈ ಜನ್ಮದಲ್ಲಿ ಆನು ಹೇಳಿದ್ದನ್ನ ಒಂದೇ ಸಲಕ್ಕೆ ನಂಬಿದ್ದು ಆ ಕೂಸೊಂದೇಯ," ಎಂದ. ಅವನ ದನಿ ಕೇಳಿ ನನಗೂ ಸಂತೋಷವಾಯಿತು. ಎರಡು ದಿನ ಬಿಟ್ಟು ಎಸ್‌ಟಿಡಿ ಬೂತಿನಿಂದ ಹುಡುಗಿಗೆ ಫೋನು ಮಾಡಿದ. ಮದುವೆಗೆ ನಿಮ್ಮ ಒಪ್ಪಿಗೆ ಇದೆಯಾ ಎಂದು ಕೇಳಿದನಂತೆ. ಅವಳು ನಕ್ಕು ಉತ್ತರ ಕೊಟ್ಟಳಂತೆ.

"ಯಂಗೆ ಒಪ್ಗೆ ಇದ್ದು. ನಿಂಗ ಮಾತ್ರ ಎರಡು ಸಲ ಬೇಡ ಹೇಳಲೆ ಹೋಗಡಿ."

ಸಿಂಹದ ಬಾಯಿ

ಹುಡುಗ ಒಪ್ಪಿದ, ಹುಡುಗಿ ಒಪ್ಪಿದಳು. ಜಾತಕ ಒಪ್ಪಲಿಲ್ಲ. ಶಿರಸಿಯ ಹತ್ತಿರದ ಜೋಯಿಸರೆಂದರೆ ಮೂರು ತಾಲೂಕಿಗೂ ಸುಪ್ರೀಂ ಕೋರ್ಟು. ಎರಡು ಜಾತಕವನ್ನೂ ಎದುರಿಗಿಟ್ಟುಕೊಂಡು ಎಲೆಯಡಿಕೆಯ ಕವಳ ಜಗಿಯುತ್ತ ಬಹಳ ಹೊತ್ತು ಕುಳಿತು, "ಈ ಕಾಗದ ಎರಡೂ ಕೂಡ್ತಿಲ್ಲೆ," ಎಂದು ತಲೆಯಾಡಿಸಿದರು. ಹುಡುಗಿಯ ಅಪ್ಪ ಜಾತಕ ನೋಡದೆ ಎಮ್ಮೆಯನ್ನೂ ಕೊಳ್ಳದ ಮನುಷ್ಯ. ಮಾತು ಅಲ್ಲಿಗೆ ನಿಂತಿತು, ಹತ್ತಿರ ಹತ್ತಿರ ಒಂದು ವರ್ಷ. ಭಾವಮೈದುನ ಶಾಲೆಯಲ್ಲಿ ಸೀಟಿ ಊದುವುದನ್ನೇ ಬಿಟ್ಟ. ಮಕ್ಕಳು ತಮ್ಮಷ್ಟಕ್ಕೆ ಡ್ರಿಲ್ ಮಾಡಿ ಮನೆಗೆ ಹೋಗುತ್ತಿದ್ದರು.

ಏನು ಮಾಡುವುದೆಂದು ಈ ಸಲ ನನ್ನ ಹೆಂಡತಿಯೇ ಎಲೆ ತೆಗೆದಳು. ಎಂಟನೇ ನಂಬರು, ಶಕ್ತಿ. ಬಿಳಿ ಉಡುಪಿನ ಹೆಂಗಸೊಬ್ಬಳು ಬಾಗಿ, ಸಿಂಹದ ದವಡೆಯನ್ನು ಎರಡೂ ಕೈಯಲ್ಲಿ ಮೃದುವಾಗಿ ಹಿಡಿದಿದ್ದಾಳೆ. ಬಲವಲ್ಲ, ಸಮಾಧಾನವೇ ಗೆಲ್ಲುತ್ತದೆ ಎಂದು ಅದರ ಅರ್ಥ. ನಾನು ಆಗಷ್ಟೇ ಡಾಕ್ಟರರ ಮಾತಿಗೆ ತಂಬಾಕು ಬಿಟ್ಟಿದ್ದೆ. ಬಿಟ್ಟಿದ್ದೇನೆ ಎಂಬುದನ್ನು ಹೆಂಡತಿ ದಿನವೂ ಸಂಜೆ ನನ್ನ ಬಾಯಿ ತೆರೆಸಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು.

ಭಾವಮೈದುನ ಎಷ್ಟೋ ದಿನಗಳ ಮೇಲೆ ನಕ್ಕ. "ಇದು ಅಕ್ಕ. ಸಿಂಹ, ಭಾವ."

ಸಿಂಹ ಎನ್ನಿಸಿಕೊಂಡದ್ದಕ್ಕೆ ನನಗೆ ಒಳಗೊಳಗೇ ಹೆಮ್ಮೆಯಾಯಿತು. ಎದೆ ಮುಂದೆ ಮಾಡಿ ಕುಳಿತೆ. ಹೆಂಡತಿ ಎಲೆಯನ್ನು ನನ್ನ ಮುಂದೆ ಸರಿಸಿದಳು. "ಮೀಸೆ ನೋಡಿದ್ದು ಸಾಕು, ಬಾಲ ನೋಡಿ. ಎರಡು ಕಾಲಿನ ಮಧ್ಯ ಇಟ್ಗಂಡಿದ್ದು."

ಮೇಲಿನ ಎಲೆ

ಅಷ್ಟರಲ್ಲಿ ಆಶ್ಚರ್ಯವೊಂದು ನಡೆಯಿತು. ಜೋಯಿಸರೇ ಹುಡುಗಿಯ ಅಪ್ಪನಿಗೆ, "ಜಾತಕ ಬಿಟ್ಟು ಬೇರೆ ರೀತಿ ಪ್ರಶ್ನೆ ನೋಡಲೆ ಅಡ್ಡಿಲ್ಲೆ. ಡ್ರಾಯಿಂಗ್ ಮಾಸ್ತರ ಹತ್ರ ಎಂತದೋ ಫಾರಿನ್ ಎಲೆ ಇದ್ದಡ," ಎಂದರಂತೆ. ದಿನವೂ ಗೊತ್ತಾಯಿತು. ನಮ್ಮ ಮನೆಯಲ್ಲೇ, ಜೋಯಿಸರ ಸಮ್ಮುಖದಲ್ಲಿ. ಹುಡುಗಿಯ ಅಪ್ಪ ಒಂದೇ ಎಲೆ ತೆಗೆಯುವುದು. ಒಳ್ಳೆಯದು ಬಂದರೆ ಮದುವೆ, ಇಲ್ಲದಿದ್ದರೆ ಈ ಮಾತನ್ನೇ ಇನ್ನು ಎತ್ತುವಂತಿಲ್ಲ.

ಎಪ್ಪತ್ತೆಂಟರಲ್ಲಿ ಒಂದು. ಸಾವು ಬರಬಹುದು, ಸಿಡಿಲು ಹೊಡೆದ ಗೋಪುರ ಬರಬಹುದು, ಹತ್ತು ಕತ್ತಿ ಚುಚ್ಚಿಸಿಕೊಂಡು ಬೋರಲು ಬಿದ್ದವನು ಬರಬಹುದು. ಹೆಂಡತಿ ಹಿಂದಿನ ದಿನ ಮಧ್ಯಾಹ್ನ ಕೇಳಿದಳು, "ಗಂಡ ಹೆಂಡ್ತಿ ಇಪ್ಪ ಎಲೆ ಯಾವುದೂ ಇಲ್ಯಾ?" ಇದೆ, ಆರನೇ ನಂಬರು, ಪ್ರೇಮಿಗಳು ಎಂದೆ. "ಅದನ್ನ ಎಲ್ಲಕ್ಕಿಂತ ಮೇಲೆ ಇಡಿ." ಇದು ಮೋಸವಲ್ಲವೇ ಎಂದೆ. ಅವಳು ನನ್ನನ್ನು ನೋಡಿದಳು. ಇಟ್ಟೆ.

ಇಡುವಾಗ ಚಿತ್ರವನ್ನು ಸರಿಯಾಗಿ ನೋಡಿದೆ. ಮೇಲೆ ಮೋಡದಲ್ಲಿ ರೆಕ್ಕೆಯ ದೇವದೂತ. ಹೆಂಗಸಿನ ಹಿಂದೆ ಹಾವು ಸುತ್ತಿದ ಹಣ್ಣಿನ ಮರ, ಗಂಡಸಿನ ಹಿಂದೆ ಬೆಂಕಿಯ ನಾಲಗೆಗಳಿರುವ ಮರ. ಎಲ್ಲ ಸರಿ. ಆದರೆ ಇಬ್ಬರ ಮೈಮೇಲೂ ಒಂದು ಎಳೆ ಬಟ್ಟೆಯಿಲ್ಲ. ಪುಸ್ತಕದ ಪ್ರಕಾರ ಅದು ಪರಸ್ಪರ ಏನನ್ನೂ ಮುಚ್ಚಿಡದ ಸಂಬಂಧದ ಸಂಕೇತ. ಅದನ್ನು ಜೋಯಿಸರ ಎದುರು, ಹುಡುಗಿಯ ಅಪ್ಪನ ಕೈಗೆ ಕೊಡುವವರು ಯಾರು? ಪೋಸ್ಟರ್ ಕಲರ್ ತೆಗೆದು ಕುಳಿತೆ. ಅವನಿಗೆ ಕೆಂಪಂಚಿನ ಪಂಚೆ, ಶಲ್ಯ. ಅವಳಿಗೆ ಹಸಿರು ಸೀರೆ, ತುಂಬು ತೋಳಿನ ರವಿಕೆ. ನನ್ನ ಸರ್ವೀಸಿನಲ್ಲೇ ಅಷ್ಟು ಶ್ರದ್ಧೆಯಿಂದ ಚಿತ್ರ ಬರೆದಿರಲಿಲ್ಲ.

ಮರುದಿನ ಎಲ್ಲರೂ ಕುಳಿತರು. ಹುಡುಗಿಯೂ ಬಂದಿದ್ದಳು. ಭಾವಮೈದುನ ಕಂಬ ಹಿಡಿದು ನಿಂತಿದ್ದ, ಮುಖ ನೋಡಲಾಗುತ್ತಿರಲಿಲ್ಲ. ನಾನು ಕಟ್ಟನ್ನು ಮಣೆಯ ಮೇಲಿಟ್ಟು, ಮೇಲಿನದನ್ನು ತೆಗೆಯಿರಿ ಎಂದೆ.

"ಮೇಲಿಂದೇ ಎಂತಕ್ಕೆ? ಮಧ್ಯದ್ದು ತೆಗೆದ್ರೆ ಆಗ್ತಿಲ್ಯಾ?" ಎಂದರು ಹುಡುಗಿಯ ಅಪ್ಪ.

ನಾನು ಕಟ್ಟನ್ನು ಇನ್ನಷ್ಟು ಅವರತ್ತ ಸರಿಸಿದೆ. ಹೆಂಡತಿ ಒಳಗಿನಿಂದಲೇ, "ದೇವ್ರ ಹತ್ರ ಪ್ರಸಾದ ಕೇಳಿದ್ರೆ ಹೂವು ಮೇಲಿಂದೇ ಬೀಳ್ತಲೀ ಮಾವ," ಎಂದಳು. ಅವರಿಗೆ ಸರಿಯೆನಿಸಿತು. ಕೈ ಮುಗಿದು ಎಲೆ ತೆಗೆದರು.

ಪಂಚೆ, ಸೀರೆ ನೋಡಿ ಮೆಚ್ಚಿ ತಲೆಯಾಡಿಸಿದರು. ಹುಡುಗಿ ಹಿಂದಿನಿಂದ ಬಗ್ಗಿ ನೋಡಿ, ಹೊಲಿಗೆಯವಳಲ್ಲವೇ, "ರವಿಕೆ ತೋಳು ಒಂದು ಉದ್ದ ಒಂದು ಗಿಡ್ಡ," ಎಂದು ಗೊಣಗಿ ನನ್ನ ಕಡೆ ಕಣ್ಣು ಹೊರಳಿಸಿದಳು. ನಾನು ಜಂತಿ ಎಣಿಸತೊಡಗಿದೆ. ಅಷ್ಟರಲ್ಲಿ ಅಪ್ಪನ ಮುಖ ಬಿಳುಪೇರಿತು. ಬೆರಳು ಸೀರೆ ದಾಟಿ ಹಿಂದಿನ ಮರದ ಹಾವಿನ ಮೇಲೆ ನಿಂತಿತ್ತು.

"ಮಾಸ್ತರೇ," ಎಂದರು. "ಇದು ನಿಂಗಕ್ಕೆ ಹ್ಯಾಂಗೆ ಗೊತ್ತಾತು? ಕೂಸಿನ ಹಿಂದೆ ಸಮಾ ಹಾವು ಇದ್ದಲೀ. ನಾಗದೋಷ ಇಪ್ಪದು ಹೌದು. ಆನೇ ಜಾತಕದಲ್ಲಿ ಅದ್ನ ತೆಗೆಸಿ ಬೇರೆ ಬರೆಸಿದ್ದಿ. ಮುಚ್ಚಿಟ್ಟಿದ್ದು ತಪ್ಪಾತು."

ಏನೋ ಬಿದ್ದ ಸದ್ದಾಯಿತು. ಹೆಂಡತಿಯ ಕೈಯಿಂದ ಲೋಟ. ಅವಳು ಬಂದು ಎಲೆ ತೆಗೆದುಕೊಂಡು ಗಂಡಸಿನ ಹಿಂದಿನ ಬೆಂಕಿಯ ಮರವನ್ನೇ ನೋಡಿದಳು. ಎಲೆಯನ್ನು ಮೇಲಿಡಿಸಿದವಳು ತಾನೇ ಎಂಬುದು ಅವಳಿಗೆ ಮರೆತೇ ಹೋಗಿತ್ತು.

"ಮಾಣಿ ಹಿಂದೆ ಕೆಂಡ ಉರಿತಾ ಇದ್ದು. ಅಂಗಾರಕ. ಯನ್ನ ತಮ್ಮಂಗೂ ಕುಜದೋಷ ಇದ್ದು ಮಾವ. ಆನೂ ಜಾತಕ ಬೇರೆ ಬರೆಸಿದ್ದಿ. ಇವಕ್ಕೂ ಹೇಳಿದ್ದಿಲ್ಲೆ."

ಇವಕ್ಕೆ ಎಂದರೆ ನನಗೆ. ಇಪ್ಪತ್ತು ವರ್ಷ ಸಂಸಾರ ಮಾಡಿದ್ದೆ. ಕೋಪ ಬರಬೇಕಿತ್ತು, ಬರಲಿಲ್ಲ. ತಮ್ಮನಿಗಾಗಿ ಇಷ್ಟು ಭಾರ ಒ‌ಬ್ಬಳೇ ಹೊತ್ತಳಲ್ಲ ಎಂದು ಅಯ್ಯೋ ಅನ್ನಿಸಿತು. ಆಮೇಲೆ ಹುಡುಗಿಯ ಅಪ್ಪ ನಿಧಾನವಾಗಿ ಕೇಳಿದರು, "ನಿಂಗ ಯಾರ ಹತ್ರ ಬರೆಸಿದ್ದಿ ತಂಗಿ?"

ಹೆಂಡತಿ ಜೋಯಿಸರ ಕಡೆ ನೋಡಿದಳು. ಹುಡುಗಿಯ ಅಪ್ಪ ಆಗಲೇ ಆ ಕಡೆಯೇ ನೋಡುತ್ತಿದ್ದರು. ಎಲ್ಲರೂ ನೋಡಿದೆವು. ಜೋಯಿಸರು ಬೆರಳೆತ್ತಿ, ಬಾಯಲ್ಲಿ ಕವಳ ಇದೆ ಎಂದು ಸನ್ನೆ ಮಾಡಿ ಎದ್ದರು. ಅಂಗಳದ ಅಂಚಿಗೆ ಹೋಗಿ ಉಗುಳಿ, ಬಾಯಿ ಮುಕ್ಕಳಿಸಿ, ಶಲ್ಯದಿಂದ ಒರೆಸಿಕೊಂಡು ಬಂದು ಕುಳಿತರು. ಅವರ ಮುಖದಲ್ಲಿ ನಾಚಿಕೆಯಿರಲಿಲ್ಲ, ದೊಡ್ಡ ಹೊರೆ ಇಳಿಸಿದ ನಿರಾಳವಿತ್ತು.

"ಅಸಲು ಜಾತಕ ಎರಡೂ ಯನ್ನ ಪೆಟ್ಟಿಗೆಲೇ ಇದ್ದು. ದೋಷಕ್ಕೆ ದೋಷ ಸಮ. ಇಷ್ಟು ಚೊಲೋ ಕೂಡೋ ಜೋಡಿ ಆನು ನೋಡಿದ್ದೇ ಇಲ್ಲೆ. ಕೂಡದೇ ಇಪ್ಪದು ಆನು ರಿಪೇರಿ ಮಾಡಿಕೊಟ್ಟ ಜಾತಕ ಮಾತ್ರ."

ಭಾವಮೈದುನ ಕಂಬ ಬಿಟ್ಟು ಮುಂದೆ ಬಂದ. ನನಗೆ ಗೊತ್ತಿದ್ದ ಹಾಗೆ ಅವನು ಹಿರಿಯರ ಎದುರು ದನಿ ಎತ್ತಿದ್ದು ಅದೊಂದೇ ಸಲ. "ಹಂಗಾದ್ರೆ ಒಂದು ವರ್ಷದಿಂದ ಎಂತಕ್ಕೆ ಹೇಳಿದ್ರಿಲ್ಲೆ ಜೋಯಿಸ್ರೇ?"

ಜೋಯಿಸರು ಹೊಸ ಕವಳಕ್ಕೆ ಎಲೆ ಒರೆಸುತ್ತ ಅವನನ್ನು ಕನಿಕರದಿಂದ ನೋಡಿದರು.

"ಹ್ಯಾಂಗೆ ಹೇಳದೋ ತಮಾ? ಅವರ ಗುಟ್ಟು ನಿಂಗಕ್ಕೆ, ನಿಂಗಳ ಗುಟ್ಟು ಅವಕ್ಕೆ ಹೇಳಿದ್ರೆ, ನಾಳೆಯಿಂದ ಯನ್ನ ನಂಬಿ ಜಾತಕ ತಿದ್ದಸಲೆ ಯಾರು ಬತ್ತ?"